ಅಮ್ಮನ ನರ ಸಿಕ್ಕಿದ ದಿನ

ನನ್ನ ಅಮ್ಮನ ಕೈಯಲ್ಲಿ ನರಗಳೇ ಇಲ್ಲವೆಂದು ನಮ್ಮೂರು ಮಂಕಿಯಲ್ಲಿ ಎಲ್ಲರೂ ನಂಬಿದ್ದರು. ರಕ್ತ ತೆಗೆಯಲೆಂದು ಹೊನ್ನಾವರದಲ್ಲಿ ಮೂರು ಸಲ ಚುಚ್ಚಿದರು, ಕುಮಟಾದಲ್ಲಿ ಎರಡೂ ಕೈಗೆ ಚುಚ್ಚಿದರು, ಭಟ್ಕಳದಲ್ಲಿ ಪಾದದ ಮೇಲೂ ಹುಡುಕಿದರು. ಮೂರೂ ಊರಿನ ಸಿಸ್ಟರುಗಳ ದನಿ ನನಗೆ ಬಾಯಿಪಾಠವಾಯಿತು. "ಮುಷ್ಟಿ ಬಿಗಿ ಹಿಡೀರಿ... ಇನ್ನೂ ಬಿಗಿ... ಅಯ್ಯೋ, ಓಡಿಹೋಯ್ತಲ್ಲ!" ಎಂದು ಮೂಗಿನಲ್ಲಿ ಹೇಳಿ ಮೀನು ಮಾರ್ಕೆಟ್ಟನ್ನೆಲ್ಲ ನಗಿಸುತ್ತಿದ್ದೆ. ಮೀನು ಮಾರುತ್ತ ಕೂತ ಅಮ್ಮ ಮಾತ್ರ ನಗುತ್ತಿರಲಿಲ್ಲ. "ಇನ್ನು ಸೂಜಿ ಹಿಡ್ಕಂಡು ಯಾರಾದ್ರೂ ಬರ್ಲಿ, ಮೀನು ಕೊಯ್ಯೂ ಕತ್ತಿ ನನ್ ಹತ್ರನೂ ಅದೆ" ಎಂದಿದ್ದಳು.

ಹೀಗೆ ಗುಡುಗಿದವಳು ಬುಟ್ಟಿ ಹೊತ್ತು ಕಡಲಿಂದ ರಸ್ತೆಗೆ ಬರುವಷ್ಟರಲ್ಲಿ ಎರಡು ಕಡೆ ಕೂರತೊಡಗಿದಳು. ಮೊದಲು ಒಂದು ಕಡೆಯೂ ಕೂತವಳಲ್ಲ. ಮುಖ ಬಿಳಿಚಿತ್ತು. "ರಕ್ತ ನೋಡದೆ ನಾನು ಎಂತ ಔಷಧಿ ಬರೆಯಲಿ?" ಎಂದು ಡಾಕ್ಟರು ಕೈಚೆಲ್ಲಿದರು. ಆ ದನಿಯನ್ನು ಮಾತ್ರ ಅಣಕಿಸಲು ನನಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಊರಿಗೆ ಆ ಕ್ಯಾಮೆರಾ ಬಂತು! ಬಣ್ಣದ ಪರದೆಯ ಮೊಬೈಲನ್ನೇ ನಾವು ಬಾಯಿಬಿಟ್ಟು ನೋಡುತ್ತಿದ್ದ ಕಾಲ. ಇಂಜಿನಿಯರಿಂಗ್ ಕಾಲೇಜಿನ ಮೇಡಂ ಒಬ್ಬರು ನಮ್ಮ ಶಾಲೆಯ ಕೋಣೆಯಲ್ಲಿ ಎರಡು ದಿನದ ಶಿಬಿರ ಹೂಡಿದರು. ಜೊತೆಗೆ ನಮ್ಮ ಆರೋಗ್ಯ ಕೇಂದ್ರದ ಸಿಸ್ಟರು. ಸಾದಾ ಕ್ಯಾಮೆರಾ ಮೂರು ಬಣ್ಣದಲ್ಲಿ ನೋಡಿದರೆ ಇದು ನೂರಾರು ಬಣ್ಣದಲ್ಲಿ, ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲೂ ನೋಡುತ್ತದಂತೆ. ನಾಲಿಗೆಯ ಬಣ್ಣದಿಂದ, ಅದರಡಿಯ ನರಗಳಿಂದ ಕಾಯಿಲೆಯ ಸುಳಿವು ಸಿಗುತ್ತದೆಯೇ ಎಂಬುದು ಅವರ ಸಂಶೋಧನೆ. ಆಟೋದಲ್ಲಿ ಮೈಕು ಹಿಡಿದು ಜನ ಸೇರಿಸುವ ಕೆಲಸ ನನಗೆ ಸಿಕ್ಕಿತು. ಭಟ್ಕಳ ಬಸ್ಸಿನ ಕಂಡಕ್ಟರನ ದನಿ ತೆಗೆದೆ: "ಯಾರ್ರೀ ನಾಲಿಗೆ, ನಾಲಿಗೆ, ನಾಲಿಗೆ! ಸೂಜಿ ಇಲ್ಲ, ನೋವಿಲ್ಲ, ಬರೀ ಫೋಟೋ! ಮುಂದೆ ಹೋಗ್ರೀ, ಒಳಗೆ ಜಾಗ ಅದೆ!"

ಫೋಟೋ ಎಂದದ್ದೇ ತಪ್ಪಾಯಿತು. ಊರಿಗೆ ಊರೇ ಸ್ಟುಡಿಯೋಕ್ಕೆ ಹೊರಟಂತೆ ಬಂತು. ಮುಖಕ್ಕೆ ಪೌಡರು, ಮುಡಿಗೆ ಅಬ್ಬಲಿಗೆ, ಗಂಡಸರಿಗೆ ಇಸ್ತ್ರಿ ಅಂಗಿ. ನಾಲಿಗೆಯ ಫೋಟೋ ಅಂದಮೇಲೆ ಅದೊಂದು ಬೋಳಾಗಿದ್ದರೆ ಹೇಗೆ? ಎಲ್ಲರೂ ಎಲೆ, ಅಡಿಕೆ, ಸುಣ್ಣ ಸೇರಿಸಿ ಎರಡೆರಡು ಕವಳ ಜಗಿದು ನಾಲಿಗೆಯನ್ನು ಕೆಂಪಗೆ ಸಿಂಗರಿಸಿಕೊಂಡೇ ಬಂದಿದ್ದರು. ಅಮ್ಮನದು ಎಲ್ಲರಿಗಿಂತ ಕೆಂಪು.

ಸಂಜೆ ಕಂಪ್ಯೂಟರ್ ನೋಡಿ ಮೇಡಂ ತಲೆ ಮೇಲೆ ಕೈಹೊತ್ತರು. "ಇಲ್ಲಿ ಒಂದೂ ನಾಲಿಗೆ ಇಲ್ಲ, ಬರೀ ಎಲೆಯಡಿಕೆ! ನಾಳೆ ದಯವಿಟ್ಟು ಕವಳ ಹಾಕದೆ ಬನ್ನಿ."

"ಕವಳ ಹಾಕ್ದೆ ಬೆಳಗಾಗೂದು ಹೆಂಗೆ ಅಕ್ಕೋರೇ?" ಎಂದಳು ಅಮ್ಮ.

ಮರುದಿನ ಖಾಲಿ ಬಾಯಲ್ಲಿ, ಕೆಟ್ಟ ಸಿಟ್ಟಿನಲ್ಲಿ ಬಂದಳು. ಎರಡು ದೊಡ್ಡ ದೀಪಗಳ ನಡುವೆ ಗಲ್ಲ ಊರಿ ಕೂತು ಅರ್ಧ ನಿಮಿಷ ನಾಲಿಗೆ ಚಾಚಿರಬೇಕು, ಅಲ್ಲಾಡಬಾರದು. ನಾನು ಹಾಳು ಚಾಳಿಯಿಂದ ಸಿಸ್ಟರ ದನಿಯಲ್ಲಿ, "ಇನ್ನೂ ಬಿಗಿ..." ಎಂದೆ. ಮಾರ್ಕೆಟ್ಟಿನಲ್ಲಿ ಒಮ್ಮೆಯೂ ನಗದವಳು ಅಲ್ಲಿ ಭುಸ್ಸೆಂದು ನಕ್ಕುಬಿಟ್ಟಳು. ಪರದೆಯ ಮೇಲೆ ಅಲೆಯಂತೆ ಡೊಂಕಾದ ನಾಲಿಗೆ ಬಂತು.

"ನಿಮಗೆ ಅರ್ಧ ನಿಮಿಷ ಸುಮ್ಮನಿರೋಕೆ ಆಗುತ್ತಾ?" ಮೇಡಂ ನನ್ನನ್ನೇ ಕೇಳಿದರು.

"ಅವ್ನ ನಾಲಿಗೆ ಹುಟ್ಟಿದಾಗಿಂದ ಸುಮ್ನಿಲ್ಲ ಅಕ್ಕೋರೇ" ಎಂದಳು ಅಮ್ಮ. ಆಗಲೇ ನನ್ನ ನಾಲಿಗೆಯ ಫೋಟೋ ನಾಲ್ಕು ಸಲ ಕೆಟ್ಟಿತ್ತು.

ಅಮ್ಮನದು ಎರಡನೆಯ ಸಲ ಸರಿಬಂತು. ಮೇಡಂ ಗಂಭೀರವಾದರು. "ತುಂಬ ಬಿಳಿಚಿದೆ. ಆದರೆ ಇದು ನಮ್ಮ ಸಂಶೋಧನೆಗೆ ಮಾತ್ರ ಅಮ್ಮಾ, ಇದನ್ನು ನೋಡಿ ಕಾಯಿಲೆ ಹೇಳೋ ಹಾಗಿಲ್ಲ. ರಕ್ತ ಪರೀಕ್ಷೆ ಮಾಡಿಸಲೇಬೇಕು."

"ಕಡಿಗೂ ಅಲ್ಲೇ ಬಂತಲ್ಲ! ಆತು, ನಾ ಹೋತೆ" ಎಂದು ಅಮ್ಮ ಎದ್ದೇಬಿಟ್ಟಳು.

ಬಾಗಿಲಿಗೆ ಅಡ್ಡ ನಿಂತೆ. "ಮೇಡಂ, ನಾಲಿಗೆಯಡಿಯ ನರ ಕಾಣುವ ಕ್ಯಾಮೆರಾಕ್ಕೆ ಕೈಯ ನರ ಕಾಣೂದಿಲ್ವಾ?" ಆ ಎರಡು ದಿನಗಳಲ್ಲಿ ನನ್ನ ಸ್ವಂತ ದನಿಯಲ್ಲಿ ಆಡಿದ್ದು ಅದೊಂದೇ ಮಾತಿರಬೇಕು.

ಮೇಡಂ ದೀಪವನ್ನು ಮೇಜಿನತ್ತ ತಿರುಗಿಸಿ, "ಕೈ ಇಡಿ ಅಮ್ಮಾ, ಸೂಜಿ ಇಲ್ಲ" ಎಂದರು.

ಚಿತ್ರ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ಬರೀ ಬೂದುಬಣ್ಣ. ಮೊಣಕೈಯ ಒಳಬದಿ ಬರುತ್ತಿದ್ದಂತೆ ಕಪ್ಪಗೆ ಒಂದು ಗೆರೆ, ಅದಕ್ಕೊಂದು ಕವಲು, ಮತ್ತೊಂದು ಕವಲು! ಅಳಿವೆಯ ಹತ್ತಿರ ಶರಾವತಿ ಒಡೆದು ಹರಿಯುತ್ತದಲ್ಲ, ಥೇಟ್ ಹಾಗೆ. ಸಿಸ್ಟರು ಎದ್ದುನಿಂತರು. "ಅಯ್ಯೋ, ಎಲ್ರೂ ನಡುವೆ ಚುಚ್ಚಿದ್ದು. ಇದು ಇಷ್ಟು ಬದಿಗೆ ಅಡಗಿ ಕೂತಿದೆಯಲ್ಲ!" ಪರದೆ ನೋಡುತ್ತ ಅಮ್ಮನ ಕೈ ಮೇಲೆ ಬಾಲ್‌ಪೆನ್ನಿನಿಂದ ಗುರುತು ಹಾಕಿದರು.

ಅಮ್ಮ ಪರದೆಯನ್ನೇ ನೋಡುತ್ತಿದ್ದಳು. "ಇದು ನಂದೇನಾ? ಹಂಗಾರೆ ಒಂದೇ ಸಲ. ತಪ್ಪಿದ್ರೆ ಕತ್ತಿ ಅದೆ."

ತಪ್ಪಲಿಲ್ಲ. ಒಂದೇ ಚುಚ್ಚಿಗೆ ರಕ್ತ ಬಂತು. ನಾನು ಕುಣಿದಾಡಿ ದೀಪದ ವೈರು ಎಡವಿ ಮೇಡಂ ಹತ್ತಿರ ಮತ್ತೊಮ್ಮೆ ಬೈಸಿಕೊಂಡೆ.

ರಕ್ತ ತೀರಾ ಕಡಿಮೆಯಿತ್ತು. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದರು. ಬುಟ್ಟಿ ಹೊತ್ತವಳು ಮೊದಲು ಒಂದೇ ಕಡೆ ಕೂತಳು, ಆಮೇಲೆ ಎಲ್ಲೂ ಕೂರಲಿಲ್ಲ. ಆದರೆ ಮತ್ತೆ ಪರೀಕ್ಷೆಗೆ ಹೋಗಬೇಕಿತ್ತಲ್ಲ, ಸ್ನಾನವಾದಾಗಲೆಲ್ಲ ಆ ಗುರುತನ್ನು ನನ್ನ ಪೆನ್ನಿನಿಂದ ತಿದ್ದಿಸಿಕೊಳ್ಳುತ್ತಿದ್ದಳು. ಕೊನೆಗೆ ಅದೂ ಬೇಸರವಾಗಿ, ಮನೆಬಾಗಿಲಿಗೆ ಬಂದ ಹಚ್ಚೆಯವಳನ್ನು ಕೂರಿಸಿ ಅದೇ ಜಾಗದಲ್ಲಿ ಒಂದು ಹಸಿರು ಚುಕ್ಕಿ ಹಾಕಿಸಿಕೊಂಡಳು.

"ಹಚ್ಚೆಗೂ ಸೂಜಿಯೇ ಅಲ್ವಾ ಅಮ್ಮಾ? ಎಷ್ಟು ಸಲ ಚುಚ್ಚಿದ್ಲು?" ಎಂದು ಕೆಣಕಿದೆ.

"ಹೋಗಾ. ಅವ್ಳು ಎಂತದೂ ಹುಡುಕ್ಲಿಲ್ಲ" ಎಂದು ಅಮ್ಮ ಬುಟ್ಟಿ ಎತ್ತಿಕೊಂಡಳು.