ಗಂಟೆಯ ಮೂರು ಕೂಗು

ನ್ಯಾಯಾಲಯದ ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನನಿಗೆ ವಕೀಲರೆಲ್ಲ ಸೇರಿ ಇಟ್ಟ ಹೆಸರು ಗಂಟೆ. ಅವನು ಗಂಟಲು ತೆರೆದರೆ ಎದುರು ಬೀದಿಯ ಕ್ಷೌರದಂಗಡಿಯಲ್ಲಿ ಕತ್ತರಿ ನಿಲ್ಲುತ್ತಿತ್ತು. ಇಪ್ಪತ್ತಾರು ವರ್ಷ ಅದೇ ಹೊಸ್ತಿಲು ಸವೆಸಿದ್ದರಿಂದ ಕಾನೂನು ಅವನಿಗೆ ಕಿವಿಯ ಮೂಲಕವೇ ಬಂದಿತ್ತು. ಯಾವುದು ದಂಡ ಕಟ್ಟಿದರೆ ಮುಗಿಯುತ್ತದೆ, ಯಾವುದಕ್ಕೆ ಜಾಮೀನು ಸುಲಭ, ಯಾವುದರಲ್ಲಿ ದೂರು ಕೊಟ್ಟವನೇ ಬೇಡವೆಂದರೂ ಸರ್ಕಾರ ಬಿಡುವುದಿಲ್ಲ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು.

ಅವನ ಅಕ್ಕನ ಗಂಡನಿಗಾದರೋ ಮೂಗಿನ ತುದಿಯಲ್ಲೇ ಕೋಪ. ಮೇಲಿನ ಮನೆಯ ದರ್ಜಿ ಒಣಹಾಕಿದ ಬಟ್ಟೆಯ ನೀರು ತನ್ನ ಪತ್ರಿಕೆಯ ಮೇಲೆ ತೊಟ್ಟಿಕ್ಕಿತೆಂದು ಮೆಟ್ಟಿಲೇರಿ ಹೋಗಿ ಕೆನ್ನೆಗೆ ಒಂದು ಬಿಟ್ಟಿದ್ದ. ಸಮನ್ಸ್ ಬಂದ ದಿನದಿಂದ ಆ ಪುಣ್ಯಾತ್ಮನಿಗೆ ಅನ್ನ ಇಳಿಯಲಿಲ್ಲ.

"ಭಾವ, ಕೊಲೆ ಬೇರೆ, ಕಳ್ಳತನ ಬೇರೆ, ಕೆನ್ನೆಗೆ ಹೊಡೆದಿದ್ದು ಬೇರೆ. ನಿಮ್ಮದು ರಾಜಿ ಆಗೋ ಕೇಸು. ದರ್ಜಿಯವರೂ ಒಪ್ಪಿದ್ದಾರೆ. ನೀವು ಬರದೇ ಇದ್ರೆ ಮಾತ್ರ ವಾರಂಟ್ ಹೊರಡುತ್ತೆ. ಕಡ್ಡೀನ ನೀವೇ ಗುಡ್ಡ ಮಾಡ್ಕೋಬೇಡಿ."

"ನೀನು ಭಾಮೈದ, ನನ್ನ ಸಮಾಧಾನಕ್ಕೆ ಹೇಳ್ತೀಯ. ಒಳಗೆ ಬಂದ್ರೆ ಕೋಳ ಹಾಕ್ತಾರೆ."

ವಿಚಾರಣೆಯ ದಿನ ಹನ್ನೊಂದಾದರೂ ಭಾವನ ಸುಳಿವಿಲ್ಲ. ಅಕ್ಕನಿಗೆ ಫೋನ್ ಮಾಡಿದರೆ, "ಆಗಲೇ ಹೊರಟ್ರಲ್ಲೋ!" ಎಂದಳು. ದರ್ಜಿ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದ.

ಕಟ್ಟಳೆ ಎಂದರೆ ಮೂರೇ ಕೂಗು, ಆಮೇಲೆ ಒಳಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಬೇಕು. ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದವರಿಗೂ ಗಂಟೆ ನಾಲ್ಕನೆಯದನ್ನು ಕೂಗಿದವನಲ್ಲ. ಇಂದು ಭಾವನ ಪೂರ್ತಿ ಹೆಸರನ್ನು, ಅವನ ಅಪ್ಪನ ಹೆಸರಿನ ಸಮೇತ, ಮೂರು ಸಲ ಕೂಗಿದ. ಮೂರನೆಯ ಸಲ ಬೀದಿಯ ತುದಿಯವರೆಗೂ ಕಣ್ಣು ಹಾಯಿಸಿದ. ಅಕ್ಕನ ಮುಖ ಕಣ್ಣ ಮುಂದೆ ಬಂತು. ದಾರಿಯಲ್ಲಿದ್ದಾರೆ ಎಂದು ಒಂದು ಸುಳ್ಳು ಹೇಳಿದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅದೊಂದು ಸುಳ್ಳು ಅವನ ಬಾಯಿಂದ ಹೊರಡಲಿಲ್ಲ.

"ಹಾಜರಿಲ್ಲ ಸ್ವಾಮಿ," ಎಂದ.

ನ್ಯಾಯಾಧೀಶರು ಪೆನ್ನಿನ ಮುಚ್ಚಳ ತೆಗೆದರು.

"ಯಾರ್ರೀ ಅದು ಹಾಜರಿಲ್ಲ ಅಂದಿದ್ದು? ಬೆಳಿಗ್ಗೆಯಿಂದ ಈ ಕಂಬದ ಹಿಂದೆ ನಿಂತು ಕಾಲು ಬಿದ್ದುಹೋಗಿದೆ!"

ಗುಂಪನ್ನು ಸೀಳಿಕೊಂಡು ಭಾವ ಒಳಗೆ ನುಗ್ಗಿದ. ಕಟಕಟೆ ಹತ್ತಿದ ಮೇಲೆಯೇ ತಾನು ಎಲ್ಲಿದ್ದೇನೆಂದು ಅವನಿಗೆ ಅರಿವಾದದ್ದು. ಕೋಣೆಯೆಲ್ಲ ನಕ್ಕಿತು. ದರ್ಜಿಯಂತೂ ಕೆನ್ನೆ ಹಿಡಿದುಕೊಂಡು ನಕ್ಕ. ಭಾವ ಕೈಮುಗಿದು ತಪ್ಪಾಯಿತೆಂದ, ದರ್ಜಿ ಸಹಿ ಹಾಕಿದ, ನ್ಯಾಯಾಧೀಶರು ಇನ್ನು ಕೈ ಎತ್ತಬೇಡಿ ಎಂದು ಗದರಿ ಕಳಿಸಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಭಾವ ಗಂಟೆಯ ತೋಳು ಹಿಡಿದು ನಿಲ್ಲಿಸಿದ.

"ನಾನು ಒಳಗೆ ಬರದೇ ಇದ್ದಿದ್ರೆ ನಿಜವಾಗ್ಲೂ ವಾರಂಟ್ ಬರೆಸಿಬಿಡ್ತಿದ್ದೆಯಾ?"

"ಹೌದು ಭಾವ. ಮನೆಗೆ ಹೋಗಿ ಅಕ್ಕನ ಮುಂದೆ ಅಳ್ತಾ ಕೂರ್ತಿದ್ದೆ."

ಭಾವ ಅವನ ಮುಖವನ್ನೇ ನೋಡಿದ.

"ಹಾಗಾದ್ರೆ ರಾಜಿ ಆಗುತ್ತೆ ಅಂದಿದ್ದೂ ನನ್ನ ಸಮಾಧಾನಕ್ಕಲ್ಲ," ಎಂದ. ತೋಳು ಮಾತ್ರ ಬಿಡಲಿಲ್ಲ.