ಹೊಸ್ತಿಲಲ್ಲಿ ನಿಂತು ಹೆಸರು ಕರೆದ ಅಸಿಲ್‌ಕಾನ್

ಬಿಷ್ಕೆಕ್‌ನ ಚಿತ್ರರಂಗದಲ್ಲಿ ಮುಖಕ್ಕೆ ಬಣ್ಣ ಹಚ್ಚುವವರು ಬಹಳ ಮಂದಿ ಇದ್ದಾರೆ. ಬಣ್ಣ ತೆಗೆಯುವುದನ್ನೂ ಕೆಲಸವೆಂದು ತಿಳಿದವರು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಅಸಿಲ್‌ಕಾನ್ ಅವರೊಬ್ಬರೇ. ಸ್ಟುಡಿಯೋಗೆಲ್ಲ ಅವರು ‘ಎಜೆ’, ಅಂದರೆ ಅಕ್ಕ. ಜಡೆ ಹೆಣೆಯುವ ಸಹಾಯಕಿಯಾಗಿ ಸೇರಿ, ಯುದ್ಧದ ಚಿತ್ರಗಳಿಗೆ ಗಾಯಗಳನ್ನೂ ಮದುವೆಯ ಚಿತ್ರಗಳಿಗೆ ಕೆನ್ನೆಯ ಕೆಂಪನ್ನೂ ಒದಗಿಸುತ್ತಾ ಮುಖ್ಯ ಪ್ರಸಾಧಕಿಯಾದ ಅವರ ಸೇವೆಯನ್ನು ಬೇರೆಯವರು ಈ ಅಭಿನಂದನ ಗ್ರಂಥದಲ್ಲಿ ವಿವರಿಸಿದ್ದಾರೆ. ಇಲ್ಲಿ ‘ಕಣ್ಣಿಲ್ಲದ ಗೋಡೆ’ಯ ಮಾತು ಮಾತ್ರ.

ಆ ಚಿತ್ರದ ನಾಯಕ ಸಂಜರ್ ಒಬ್ಬ ಕಲಾವಿದ. ಅವನು ಬರೆದ ಮುಖಗಳು ರಾತ್ರಿ ಗೋಡೆಯಿಂದಿಳಿದು ಅವನ ಮುಖವನ್ನೇ ಬೇಡುತ್ತವೆ. ಪಾತ್ರ ವಹಿಸಿದವನು ಕುಬತ್ ಎಂಬ ತರುಣ. ಚಿತ್ರೀಕರಣ ಮುಗಿಯುವವರೆಗೆ ಎಲ್ಲರೂ ಅವನನ್ನು ಸಂಜರ್ ಎಂದೇ ಕರೆಯಬೇಕೆಂದು ನಿರ್ದೇಶಕ ಎಮಿಲ್ ಕಟ್ಟಪ್ಪಣೆ ಮಾಡಿದ್ದರು. ಕ್ಯಾಂಟೀನಿನಲ್ಲಿ ಶ್ಯಾವಿಗೆ ಬಡಿಸುವವಳೂ ಹಾಗೆಯೇ ಕರೆದಳು. ಬಣ್ಣ ತೆಗೆಯುವಾಗ ಎಜೆ ಮಾತ್ರ, "ಕುಬತ್, ಕಣ್ಣು ಮುಚ್ಚು" ಎನ್ನುತ್ತಿದ್ದರು. ದಿನ ಕಳೆದಂತೆ ಅವನ "ಹ್ಞೂಂ" ತಡವಾಗತೊಡಗಿತು. ಕೊನೆಯ ದೃಶ್ಯದ ಹಿಂದಿನ ಸಂಜೆ ಆ "ಹ್ಞೂಂ" ಬರಲೇ ಇಲ್ಲ.

"ಯಾರನ್ನ ಕರೀತಿದ್ದೀರಿ ಎಜೆ? ಹೊರಗಡೆ ಇದಾನಾ ಅವನು?" ಎಂದು ಕನ್ನಡಿಯನ್ನೇ ನೋಡುತ್ತಾ ಕೇಳಿದ. ತಮಾಷೆ ಮಾಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಜೆ ಬಣ್ಣದ ಪೆಟ್ಟಿಗೆಗೆ ಬೀಗ ಹಾಕಿ ಅದರ ಮೇಲೆ ಕುಳಿತರು.

"ಎಜೆ, ಅವನ ಕಣ್ಣಲ್ಲಿ ಈ ನೋಟ ಮತ್ತೆ ಸಿಗಲ್ಲ. ಒಂದು ಶಾಟು, ಅಷ್ಟೇ," ಎಂದರು ಎಮಿಲ್.

"ಶಾಟು ನಿಂದು, ಮುಖ ಅವರಮ್ಮಂದು. ಅವಳು ಬಂದು ಕೇಳಿದ್ರೆ ಏನಂತೀಯ? ರೀಲಲ್ಲಿದೆ, ತಗೊಂಡೋಗು ಅಂತೀಯಾ?"

"ಕೆಲಸ ಹೋಗತ್ತೆ ನಿಮ್ದು."

"ಹೋಗ್ಲಿ. ಬಾಗಿಲು ಬಿಟ್ಟು ಸರಿ. ಅವನು ಬರೋ ದಾರಿಗೆ ಅಡ್ಡ ನಿಂತಿದ್ದೀಯ."

ಹೆದರಿದವರ ಎದೆ ಕಳಚಿ ಬೀಳುತ್ತದೆ, ಹೊಸ್ತಿಲಲ್ಲಿ ರೊಟ್ಟಿ ಹಿಡಿದು ಹೆಸರು ಕರೆದರೆ ಮರಳುತ್ತದೆ ಎಂದು ನಮ್ಮ ಅಜ್ಜಿಯರು ನಂಬುತ್ತಾರೆ. ಎಜೆಗೆ ಆ ನಂಬಿಕೆ ಪೂರ್ತಿ ಇರಲಿಲ್ಲ. ಬೇರೆ ದಾರಿ ತೋಚದೆ ರೊಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತು ಕುಬತ್‌ನ ಹೆಸರು ಕರೆದರು. ಕ್ಯಾಮೆರಾದವರು, ಲೈಟಿನವರು, ಕೊನೆಗೆ ಎಮಿಲ್ ಕೂಡ ನಾಚಿಕೊಳ್ಳುತ್ತಲೇ ದನಿಗೂಡಿಸಿದರು. ಮಧ್ಯಾಹ್ನದ ಹೊತ್ತಿಗೆ ಕುಬತ್ ಕೈ ಚಾಚಿ ರೊಟ್ಟಿ ಮುರಿದುಕೊಂಡು, "ಇಷ್ಟ್ಯಾಕೆ ಕೂಗ್ತೀರಿ, ಕಿವುಡನಾ ನಾನು?" ಎಂದ.

ಕೊನೆಯ ದೃಶ್ಯ ಚಿತ್ರೀಕರಣವಾಗಲಿಲ್ಲ. ಚಿತ್ರ ಖಾಲಿ ಗೋಡೆಯೊಂದಿಗೆ ಮುಗಿಯುತ್ತದೆ. ವಿಮರ್ಶಕರು ಅದನ್ನೇ ಹೊಗಳಿದರು. ಎಜೆ ಇಂದಿಗೂ ಕುಬತ್‌ಗೆ ಫೋನ್ ಮಾಡಿ, ಹೆಸರು ಹೇಳಿ, ಉತ್ತರ ಬರುವವರೆಗೆ ಉಸಿರು ಬಿಗಿಹಿಡಿದಿರುತ್ತಾರೆ.

ನಾಳೆಯಿಂದ ಅವರ ಕುರ್ಚಿ ಖಾಲಿ. ಎಮಿಲ್ ಅವರ ಹೊಸ ಚಿತ್ರ ಆರಂಭವಾಗುತ್ತಿದೆ. ನಾಯಕನನ್ನು ಈಗಾಗಲೇ ಎಲ್ಲರೂ ಪಾತ್ರದ ಹೆಸರಿನಿಂದ ಕರೆಯುತ್ತಿದ್ದಾರೆ. ಆದ್ದರಿಂದ ಅಸಿಲ್‌ಕಾನ್ ಅವರು ನೂರ್ಕಾಲ ಬಾಳಲಿ, ಸಂಜೆ ಹೊತ್ತು ಸ್ಟುಡಿಯೋ ಕಡೆ ಬರುತ್ತಿರಲಿ, ಅವರ ಗಂಟಲು ಗಟ್ಟಿಯಾಗಿರಲಿ.