ಕಸ್ತೂರಿಯ ಖಾಲಿ ಮೊರ

ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ಹೆಂಗಸರ ಹಕ್ಕುಗಳ ಸಮೀಕ್ಷೆಗೆ ವಿದೇಶದಿಂದ ಬಂದ ಮೇಡಂಗೆ ನಾನು ದುಭಾಷಿ. ಶಕೀಲಾಬಿಯ ಪಡಸಾಲೆಯಲ್ಲಿ ಹತ್ತಾರು ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತಲೇ ಇದ್ದರು.

"ಕಾರ್ಖಾನೆಯವರಿಗೆ ಎದುರು ಮಾತಾಡುವವರು ಕೈ ಎತ್ತಿ" ಎಂದು ಮೇಡಂ ಪರವಾಗಿ ಕೇಳಿದೆ. ಮೂಲೆಯಲ್ಲಿದ್ದ ಕಸ್ತೂರಿಯದೊಂದೇ ಕೈ ಎದ್ದಿತು. ಮೇಡಂ 'ಒಂದು' ಎಂದು ಬರೆದುಕೊಂಡರು.

"ಎಲ್ಲಾರೂ ಮಾತಾಡತೇವ್ರಿ. ಆದ್ರ ಅಕೀವ ಅಷ್ಟ ಕೈ ಖಾಲಿ ಅದಾವ," ಎಂದಳು ಶಕೀಲಾಬಿ, ಸುತ್ತುವುದನ್ನು ನಿಲ್ಲಿಸದೆ. "ಮೊನ್ನಿ ಎದರ ಮಾತಾಡಿದ್ಲಂತ ಅಕೀಗೆ ಎಲಿ ಕೊಡೂದ ಬಂದ್ ಮಾಡ್ಯಾರ."

ಇದನ್ನು ಹೇಗೆ ಭಾಷಾಂತರಿಸಲಿ ಎಂದು ನಾನು ತಡವರಿಸುವಷ್ಟರಲ್ಲಿ ಶಕೀಲಾಬಿ ತನ್ನ ಮೊರದಿಂದ ಒಂದು ಹಿಡಿ ಎಲೆ, ಚಿಟಿಕೆ ತಂಬಾಕು ಕಸ್ತೂರಿಯ ಮೊರಕ್ಕೆ ಹಾಕಿದಳು. ಉಳಿದವರೂ ಹಾಕಿದರು.

ಮುಂದಿನ ಪ್ರಶ್ನೆಗೆ ಕೈ ಎತ್ತಲು ಯಾರಿಗೂ ಪುರುಸೊತ್ತಿರಲಿಲ್ಲ, ಕಸ್ತೂರಿಗೂ.